ಶೋರೂಮಿಗೆ ಹೋಗುವ ಮೊದಲು ಮನೆಯ ಮೀಟರ್ ಬೋರ್ಡ್ ನೋಡಿ

ಹೋದ ಬೇಸಿಗೆಯಲ್ಲಿ ಹಳೇ ಹುಬ್ಬಳ್ಳಿಯ ನಮ್ಮ ಕಾಕಾ ಫೋನ್ ಮಾಡಿದರು. "ತಮ್ಮಾ, ನಾನೂ ಒಂದು ಕರೆಂಟ್ ಗಾಡಿ ತಗೋಬೇಕಂತೀನಿ. ಯಾವ ಕಂಪನಿದು ಚಲೋ ಐತಿ ಹೇಳು." ಕಂಪನಿ ಮಾತು ಆಮೇಲೆ ಕಾಕಾ, ಮೊದಲು ನಿಮ್ಮ ಮನೆ ಮೀಟರ್ ಬೋರ್ಡಿನ ಫೋಟೋ ಕಳಿಸಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಹೆಣ್ಣು ನೋಡಲು ಬಂದವರು ನೀರಿನ ಟಾಕಿ ತೋರಿಸಿ ಅಂದಂತೆ ಆಗಿರಬೇಕು ಅವರಿಗೆ.

ಆದರೆ ವಿಷಯ ಇರುವುದೇ ಅಲ್ಲಿ. ಪೆಟ್ರೋಲ್ ಗಾಡಿಗೆ ಬಂಕ್ ಬೇರೆಯವರದು. ಟ್ಯಾಂಕು, ಪೈಪು, ಬೆಂಕಿ ಬಿದ್ದರೆ ಸುರಿಯಲು ಮರಳಿನ ಬಕೀಟು, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಎಲೆಕ್ಟ್ರಿಕ್ ಗಾಡಿ ತಂದ ದಿನದಿಂದ ನಿಮ್ಮ ಮನೆಯೇ ಬಂಕ್. ವೈರು ಹಳೆಯದಿದ್ದರೆ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಸರಿ ಇಲ್ಲದಿದ್ದರೆ, ಗಾಡಿ ನಿಲ್ಲಿಸುವ ಜಾಗಕ್ಕೂ ಪ್ಲಗ್‌ಗೂ ಮೂವತ್ತು ಅಡಿ ದೂರ ಇದ್ದರೆ, ಎಂಥ ಗಾಡಿ ತಂದರೂ ದಿನಾ ಗೋಳೇ.

ಎರಡೂವರೆ ವರ್ಷದಿಂದ ನಾನು ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಗೆ ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ಹೋಗಿ ಬರುತ್ತಿದ್ದೇನೆ, ಎರಡೂ ಸೇರಿ 42 ಕಿ.ಮೀ. ಆಗುತ್ತದೆ. ಅದರಲ್ಲಿ ಕಲಿತದ್ದು, ಎಡವಿದ್ದು ಎರಡನ್ನೂ ಬರೆಯುತ್ತೇನೆ. ಕಾರಿನ ಮಾತು ಇಲ್ಲಿ ಬರುವುದಿಲ್ಲ. ನನ್ನ ಹತ್ತಿರ ಕಾರಿಲ್ಲ, ಅಷ್ಟೇ.

ಮೊದಲು ಪ್ಲಗ್. ಮನೆಯಲ್ಲಿ ಎರಡು ಥರ ಪ್ಲಗ್ ಇರುತ್ತವೆ. ಮೊಬೈಲ್, ಟಿವಿಗೆ ಹಾಕುವ ಸಣ್ಣದು, ಗೀಸರ್‌ಗೆ ಹಾಕುವ ದಪ್ಪ ಮೂರು ಪಿನ್ನಿನದು. ಸ್ಕೂಟರ್ ಜೊತೆ ಬರುವ ಚಾರ್ಜರ್ ಹೆಚ್ಚಾಗಿ 750 ವ್ಯಾಟ್ ಆಸುಪಾಸಿನದು, ಅಂದರೆ ಇಸ್ತ್ರಿ ಪೆಟ್ಟಿಗೆಯಷ್ಟು ಕರೆಂಟ್ ಎಳೆಯುತ್ತದೆ. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಇಸ್ತ್ರಿಯನ್ನು ಯಾರೂ ಸತತವಾಗಿ ನಾಲ್ಕೂವರೆ ಗಂಟೆ ಹಚ್ಚಿ ಮಲಗುವುದಿಲ್ಲ. ಪ್ಲಗ್ ಒಳಗೆ ಸ್ಕ್ರೂ ಸಡಿಲ ಇದ್ದರೆ ಮೊದಲ ಅರ್ಧ ಗಂಟೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಿಸಿ ಏರುವುದು ಆಮೇಲೆ.

ನನಗೆ ಇದು ಗೊತ್ತಾದದ್ದು ಮೂಗಿನಿಂದ. ಗಾಡಿ ತಂದ ಹೊಸದರಲ್ಲಿ ಹಾಲ್‌ನ ಸಣ್ಣ ಪ್ಲಗ್‌ಗೆ ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ, ಕಿಟಕಿಯಿಂದ ವೈರು ಹೊರಗೆ ಬಿಟ್ಟು ಚಾರ್ಜ್ ಮಾಡುತ್ತಿದ್ದೆ. ಮೂರನೇ ವಾರದಲ್ಲಿ ಒಂದು ರಾತ್ರಿ ಎಂಥದೋ ಸುಟ್ಟ ವಾಸನೆ ಬಂತು. ಎದ್ದು ನೋಡಿದರೆ ಬಾಕ್ಸಿನ ಒಂದು ತೂತು ಕಂದು ಬಣ್ಣಕ್ಕೆ ತಿರುಗಿ ಅಂಚು ಮೇಣದ ಹಾಗೆ ಬಾಗಿತ್ತು. ಪಿನ್ ಅದರೊಳಗೇ ಅಂಟಿಕೊಂಡಿತ್ತು. ಮೇನ್ ಆಫ್ ಮಾಡಿ, ಬಾಗಿಲು ತೆಗೆದು, ಮುಂಜಾನೆ ತನಕ ಕಟ್ಟೆಯ ಮೇಲೆ ಕೂತಿದ್ದೆ. ಗಾಡಿಗೆ ಏನೂ ಆಗಿರಲಿಲ್ಲ, ಬ್ಯಾಟರಿಯ ತಪ್ಪೂ ಇರಲಿಲ್ಲ. ಎಲ್ಲ ತಪ್ಪು ನೂರಾ ಎಂಬತ್ತು ರೂಪಾಯಿ ಬಾಕ್ಸಿನದು, ಅದನ್ನು ನಂಬಿದ ನನ್ನದು.

ಹಾಗಾಗಿ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಗಾಡಿ ನಿಲ್ಲಿಸುವ ಜಾಗಕ್ಕೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರು, 16 ಆಂಪ್ಸ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ದಪ್ಪ ಮೂರು ಪಿನ್ನಿನ ಸಾಕೆಟ್, ಜೊತೆಗೆ 30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್). ಈ ಕೊನೆಯದನ್ನು ಎಲೆಕ್ಟ್ರಿಷಿಯನ್ "ಬ್ಯಾಡ್ರೀ ಸರ, ಸುಮ್ನೆ ಖರ್ಚು" ಅನ್ನಬಹುದು. ಹಾಕಲೇಬೇಕು ಅನ್ನಿ. ಮಳೆಗಾಲದಲ್ಲಿ ಒದ್ದೆ ಕೈಯಿಂದ ಪ್ಲಗ್ ಮುಟ್ಟುವವರು ನೀವು, ಅವರಲ್ಲ. ಸಾಕೆಟ್ ಎದೆ ಮಟ್ಟದಲ್ಲಿರಲಿ, ಮೇಲೆ ಮಳೆ ಹನಿ ಬೀಳದಂತೆ ಮುಚ್ಚಳವಿರಲಿ.

ಇನ್ನು ಅರ್ಥಿಂಗ್. ನಮ್ಮ ಕಡೆ ಎಲ್ಲರೂ ಮರೆಯುವುದು ಇದನ್ನೇ. ಕಾಕಾನ ಮನೆ ಹಂಚಿನದು, ವೈರಿಂಗ್ ಆಗಿ ಮೂವತ್ತು ವರ್ಷದ ಮೇಲಾಗಿದೆ. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆದುಕೊಂಡು ಹೋದೆ. ಅವನ ಚೀಲದಲ್ಲಿ ಒಂದು ಹೋಲ್ಡರ್, ನೂರು ವ್ಯಾಟಿನ ಹಳೇ ಗುಂಡು ಬಲ್ಬು, ಎರಡು ವೈರು. ಅದೇ ಟೆಸ್ಟ್ ಲ್ಯಾಂಪ್. ಒಂದು ವೈರು ಫೇಸ್‌ಗೆ, ಇನ್ನೊಂದು ನ್ಯೂಟ್ರಲ್‌ಗೆ ಹಿಡಿದ. ಬಲ್ಬು ಜಗ್ಗನೆ ಹತ್ತಿತು. ನ್ಯೂಟ್ರಲ್‌ನಿಂದ ತೆಗೆದು ಅರ್ಥ್ ತೂತಿಗೆ ಹಿಡಿದ. ಈಗ ಬಲ್ಬಿನ ಒಳಗಿನ ತಂತಿ ಮಾತ್ರ ಕೆಂಪಗೆ, ಬೂದಿ ಮುಚ್ಚಿದ ಕೆಂಡದ ಹಾಗೆ ಕಂಡಿತು. "ಕಾಕಾರ, ನಿಮ್ಮ ಮನ್ಯಾಗ ಅರ್ಥಿಂಗ್ ಇಲ್ರೀ. ಬರೇ ಹಸಿರು ವೈರ್ ಐತಿ" ಅಂದ. ಹಿತ್ತಿಲಿಗೆ ಹೋಗಿ ನೋಡಿದರೆ ನೆಲದಲ್ಲಿ ಹೂತ ಅರ್ಥಿಂಗ್ ಪೈಪಿನ ತಲೆ ತುಕ್ಕು ಹಿಡಿದು ಕೈಗೆ ಪುಡಿಪುಡಿಯಾಗಿ ಬಂತು. ಹುಬ್ಬಳ್ಳಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದಲ್ಲ, ಪೈಪಿನ ಸುತ್ತ ಬೆರಳು ಹೋಗುವಷ್ಟು ಸಂದು. ಮಣ್ಣು ಪೈಪನ್ನು ಮುಟ್ಟಿಯೇ ಇರಲಿಲ್ಲ. ಮಳೆಗಾಲದಲ್ಲಿ ಪರೀಕ್ಷೆ ಮಾಡಿದ್ದರೆ ಬಹುಶಃ ಪಾಸಾಗುತ್ತಿತ್ತು. ಅದಕ್ಕೇ ನಾನು ಹೇಳುವುದು, ಅರ್ಥಿಂಗ್ ಪರೀಕ್ಷೆ ಏಪ್ರಿಲ್–ಮೇ ತಿಂಗಳಲ್ಲೇ ಮಾಡಿಸಿ. ಈ ಬಲ್ಬಿನ ಪರೀಕ್ಷೆಯನ್ನು ನೀವೇ ಮಾಡಲು ಹೋಗಬೇಡಿ, ಬಲ್ಲವರಿಂದಲೇ ಮಾಡಿಸಿ.

ಹೊಸ ಗುಂಡಿ ತೋಡಿ, ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು) ಇಳಿಸಿ, ಇದ್ದಿಲು ಉಪ್ಪು ಪದರ ಪದರವಾಗಿ ಹಾಕಿಸಿ, ಮೇಲೆ ನೀರು ಹಾಕಲು ಸಣ್ಣ ಬಾಯಿ ಬಿಡಿಸಿದ್ದಾಯಿತು. ಕಾಕಾಗೆ ಎಲ್ಲ ಸೇರಿ ನಾಲ್ಕು ಸಾವಿರದೊಳಗೆ ಆಯಿತು. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿದರೆ ಸಾಕು.

ಬಾಡಿಗೆ ಮನೆಯವರು ಮಾಲಕರ ಹತ್ತಿರ ಮೊದಲೇ ಮಾತಾಡಿ. ಗಾಡಿ ತಂದ ಮೇಲೆ ಕೇಳಿದರೆ ಬಿಲ್ ಜಗಳ ಗ್ಯಾರಂಟಿ. ಒಂದು ಸಬ್ ಮೀಟರ್ ಹಾಕಿಸಿ, ತಿಂಗಳಿಗೆ ಇಷ್ಟು ಯೂನಿಟ್ ನನ್ನದು ಅಂತ ತೋರಿಸಿ ದುಡ್ಡು ಕೊಟ್ಟರೆ ಬಹುಪಾಲು ಮಾಲಕರು ಒಪ್ಪುತ್ತಾರೆ. ಎರಡನೇ, ಮೂರನೇ ಮಹಡಿಯವರು ಬ್ಯಾಟರಿ ಬಿಚ್ಚಿ ಒಯ್ಯುವಂಥ ಗಾಡಿ ನೋಡಿ. ಆದರೆ ಹತ್ತು ಕಿಲೋ ಮೇಲಿನ ಬ್ಯಾಟರಿಯನ್ನು ದಿನಾ ಮೆಟ್ಟಿಲು ಹತ್ತಿಸುವುದು ಮೊದಲ ವಾರ ಮಾತ್ರ ಸುಲಭ.

ಈಗ ಗೃಹಜ್ಯೋತಿ. ಇದನ್ನು ಶೋರೂಮಿನಲ್ಲಿ ನಿಮಗೆ ಯಾರೂ ಹೇಳುವುದಿಲ್ಲ. 200 ಯೂನಿಟ್ ಫ್ರೀ ಅಂತ ಬಾಯಿಮಾತಿನಲ್ಲಿ ಹೇಳುತ್ತೇವೆ, ಆದರೆ ನಿಮಗೆ ಫ್ರೀ ಇರುವುದು 2022–23ರ ನಿಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ನನ್ನ ಓಡಾಟಕ್ಕೆ, ಅಂದರೆ ತಿಂಗಳಿಗೆ 1,000 ಕಿ.ಮೀ.ಗೆ, ಚಾರ್ಜರ್‌ನಲ್ಲಿ ಬಿಸಿಯಾಗಿ ಹೋಗುವುದೂ ಸೇರಿ 40 ಯೂನಿಟ್ ಬೇಕಾಗುತ್ತದೆ. ಮನೆಯಲ್ಲಿ ಈಗಾಗಲೇ 100 ಯೂನಿಟ್ ಖರ್ಚು ಇದ್ದವರಿಗೆ ಇದು ದೊಡ್ಡದಲ್ಲ, ಹೆಚ್ಚಿನ 40ಕ್ಕೆ ಕಟ್ಟಿದರಾಯಿತು. ಆದರೆ 165 ಇದ್ದವರು 205ಕ್ಕೆ ಹೋಗುತ್ತಾರೆ. ಐದು ಯೂನಿಟ್‌ಗಾಗಿ ಸಾವಿರದ ಮೇಲೆ ಬಿಲ್! ಹಾಗಾಗಿ ಹಿಂದಿನ ಹನ್ನೆರಡು ತಿಂಗಳ ಹೆಸ್ಕಾಂ ಬಿಲ್ ಹುಡುಕಿ ತೆಗೆಯಿರಿ. ಕೂಲರ್ ಓಡುವ ಮೇ ತಿಂಗಳ ಬಿಲ್ಲನ್ನು ಮುಖ್ಯವಾಗಿ ನೋಡಿ, ಅದಕ್ಕೆ ನಿಮ್ಮ ಓಡಾಟದ ಯೂನಿಟ್ ಕೂಡಿಸಿ.

ಲಾಭ ಎಷ್ಟು? ಪೆಟ್ರೋಲ್ ಸ್ಕೂಟರ್ ನಮ್ಮ ಊರ ಟ್ರಾಫಿಕ್‌ನಲ್ಲಿ ಲೀಟರಿಗೆ 42 ಕೊಟ್ಟರೆ ಹೆಚ್ಚು. 1,000 ಕಿ.ಮೀ.ಗೆ 24 ಲೀಟರ್ ಹತ್ತಿರ, ಲೀಟರಿಗೆ ನೂರರ ಮೇಲೆ ಹಿಡಿದರೆ 2,450 ರೂಪಾಯಿ ಆಸುಪಾಸು. ಕರೆಂಟಿಗೆ ಯೂನಿಟ್‌ಗೆ ಆರು ರೂಪಾಯಿಯಂತೆ 240. ತಿಂಗಳಿಗೆ 2,200 ಉಳಿಯಿತು. ಪೆಟ್ರೋಲ್ ಗಾಡಿಗಿಂತ ನಾನು 35 ಸಾವಿರ ಜಾಸ್ತಿ ಕೊಟ್ಟಿದ್ದೆ, ಅದು 16 ತಿಂಗಳಿಗೆ ವಾಪಸ್ ಬಂತು. ಈಗ ಕಾಕಾನ ಲೆಕ್ಕ ಹಾಕಿ. ಅವರು ದಿನಕ್ಕೆ ಓಡುವುದು ಎಂಟು ಕಿಲೋಮೀಟರ್. ದುರ್ಗದಬೈಲಿಗೆ ಹೋಗಿ ಕಾಯಿಪಲ್ಲೆ ತರುವುದು, ಸಂಜೆ ಗೆಳೆಯರ ಅಂಗಡಿ ಕಟ್ಟೆ, ಮನೆ. ತಿಂಗಳಿಗೆ ಐನೂರು ಚಿಲ್ಲರೆ ಉಳಿದೀತು. 35 ಸಾವಿರ ವಾಪಸ್ ಬರಲು ಐದು ವರ್ಷದ ಮೇಲೆ. ದಿನಕ್ಕೆ 20 ಕಿ.ಮೀ.ಗಿಂತ ಕಡಿಮೆ ಓಡಿಸುವವರು, ಈಗಿನ ಗಾಡಿ ಚೆನ್ನಾಗಿದ್ದರೆ, ಅದನ್ನೇ ಸವೆಸಿ ಎನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಚಹಾದಂಗಡಿಯಲ್ಲಿ ದಿನಾ ಬರುತ್ತದೆ: "ಕರೆಂಟ್ ಏನ್ ಆಕಾಶದಿಂದ ಬೀಳ್ತೈತೇನ್ರೀ? ಅದೂ ಕಲ್ಲಿದ್ದಲಿಂದನ ಬರೂದಲ್ಲ?" ಬರುತ್ತದೆ, ಹೌದು. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡುತಿನಿ, ಎರಡೂ ಕಡೆಯ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲನ್ನೇ ಸುಡುತ್ತವೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯೇ ಇಲ್ಲ, ಹೊರಗಿನಿಂದ ರೈಲಿನಲ್ಲಿ ತರಿಸಬೇಕು. ಆದರೆ ಅದೇ ತಂತಿಯಲ್ಲಿ ಶರಾವತಿಯ ನೀರಿನ ಕರೆಂಟೂ ಬರುತ್ತದೆ, ಕೈಗಾ ಅಣುಸ್ಥಾವರದ್ದೂ ಬರುತ್ತದೆ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನದ್ದೂ ಬರುತ್ತದೆ. ಗದಗದಿಂದ ಮುಂಡರಗಿ ಕಡೆ ಹೋದವರು ಕಪ್ಪತಗುಡ್ಡದ ಸಾಲಿನ ದೊಡ್ಡ ಫ್ಯಾನುಗಳನ್ನು ನೋಡಿಯೇ ಇರುತ್ತೀರಿ. ಜೂನ್‌ನಿಂದ ಮುಂಗಾರಿನ ಗಾಳಿ ಎದ್ದಾಗ ಅವು ಬಿಡುವಿಲ್ಲದೆ ತಿರುಗುತ್ತವೆ.

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತದೆ. ನನ್ನ ಹಳೇ ಗಾಡಿ ತಿಂಗಳಿಗೆ 55 ಕಿಲೋ ಬಿಡುತ್ತಿತ್ತು. ದೇಶದ ಒಟ್ಟು ಕರೆಂಟಿನ ಸರಾಸರಿ ಹಿಡಿದರೆ ಯೂನಿಟ್‌ಗೆ 0.7 ಕಿಲೋ ಮೇಲೆ, ಅಂದರೆ 40 ಯೂನಿಟ್‌ಗೆ 29 ಕಿಲೋ ಹತ್ತಿರ. ಅರ್ಧಕ್ಕೆ ಇಳಿಯಿತು, ಸೊನ್ನೆ ಆಗಲಿಲ್ಲ. ಇಷ್ಟು ಇಳಿಯಲು ಕಾರಣ ಮೋಟಾರು. ಪೆಟ್ರೋಲ್ ಎಂಜಿನ್ ತಿಂದದ್ದರಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ಹೋಗುತ್ತದೆ, ಉಳಿದದ್ದು ಬಿಸಿ. ಗಾಡಿ ನಿಲ್ಲಿಸಿದ ಮೇಲೆ ಸೈಲೆನ್ಸರ್‌ಗೆ ಕಾಲು ತಾಗಿ ಸುಟ್ಟುಕೊಂಡವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಎಲೆಕ್ಟ್ರಿಕ್ ಮೋಟಾರು ತಿಂದದ್ದರಲ್ಲಿ ಎಂಬತ್ತು ಪಾಲಿನ ಮೇಲೆ ಓಟಕ್ಕೇ ಕೊಡುತ್ತದೆ.

ಆದರೆ ಇನ್ನೊಂದು ಲೆಕ್ಕ ಹಾಕಿದಾಗ ನನಗೇ ಸ್ವಲ್ಪ ನಾಚಿಕೆಯಾಯಿತು. ಹುಬ್ಬಳ್ಳಿ–ಧಾರವಾಡ ನಡುವೆ 2018ರಲ್ಲಿ ಓಡಲು ಶುರುವಾದ ನಮ್ಮ ಚಿಗರಿ ಬಸ್ಸುಗಳು ಡೀಸೆಲ್‌ನವು. ಲೀಟರಿಗೆ ಮೂರು ಕಿ.ಮೀ. ಹಿಡಿಯಿರಿ, ಒಳಗೆ ಐವತ್ತು ಜನ ಹಿಡಿಯಿರಿ. ತಲೆಗೆ ಕಿಲೋಮೀಟರಿಗೆ 18 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ನಾನೊಬ್ಬನೇ ಕೂತ ಎಲೆಕ್ಟ್ರಿಕ್ ಸ್ಕೂಟರ್‌ಗೆ 29 ಗ್ರಾಂ. ತುಂಬಿದ ಡೀಸೆಲ್ ಬಸ್ಸು ನನ್ನ ಹಸಿರು ನಂಬರ್ ಪ್ಲೇಟನ್ನು ಸೋಲಿಸಿತು! ನಿಮ್ಮ ಮನೆ, ಆಫೀಸು ಎರಡೂ ಚಿಗರಿ ನಿಲ್ದಾಣದ ಹತ್ತಿರ ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಪಾಸ್ ಮಾಡಿಸಿಕೊಳ್ಳಿ.

ಪೆಟ್ರೋಲ್ ಬಿಟ್ಟ ಮಾತ್ರಕ್ಕೆ ಎಣ್ಣೆಯ ಹಂಗು ಹರಿಯಿತು ಅಂತ ಎದೆ ಉಬ್ಬಿಸುವುದೂ ಬೇಡ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ರ ಮೇಲೆ ಹೊರಗಿನಿಂದಲೇ ಬರುತ್ತದೆ. ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ತರುವ ಲಾರಿ, ಬ್ಯಾಡಗಿಗೆ ಮೆಣಸಿನಕಾಯಿ ಒಯ್ಯುವ ಟೆಂಪೊ, ಹೊಲದ ಟ್ರ್ಯಾಕ್ಟರ್, ಎಲ್ಲ ಡೀಸೆಲ್ಲೇ. ನನ್ನ ಗಾಡಿಯ ಟೈರಿನ ಕೃತಕ ರಬ್ಬರು, ಅದರ ಪ್ಲಾಸ್ಟಿಕ್ಕು, ಅದು ಓಡುವ ಹುಬ್ಬಳ್ಳಿ–ಧಾರವಾಡ ಪಿ.ಬಿ. ರಸ್ತೆಯ ಡಾಂಬರು ಕೂಡ ಅದೇ ಕಚ್ಚಾ ತೈಲದ ಮಕ್ಕಳು. ಬ್ಯಾಟರಿ ಮಾಡುವಾಗಲೂ ಹೊಗೆ ಎದ್ದಿರುತ್ತದೆ, ಅದು ತೀರಬೇಕಾದರೆ ಗಾಡಿ ಸಾಕಷ್ಟು ಓಡಬೇಕು. ಶೋಕಿಗೆ ತಂದು ಮೂಲೆಗೆ ನಿಲ್ಲಿಸಿದ ಎಲೆಕ್ಟ್ರಿಕ್ ಗಾಡಿಯಿಂದ ಯಾರಿಗೂ ಏನೂ ಉಳಿಯುವುದಿಲ್ಲ.

ಇಷ್ಟಾದ ಮೇಲೂ ತೆಗೆದುಕೊಳ್ಳಬೇಕು ಅನ್ನಿಸಿತಾ? ಈಗ ಶೋರೂಮಿಗೆ ನಡೆಯಿರಿ.

ಬೋರ್ಡಿನ ಮೇಲೆ ಬರೆದ ಕಿಲೋಮೀಟರ್ ನಂಬಬೇಡಿ. ಅದರಲ್ಲಿ ಎಪ್ಪತ್ತು ಪಾಲು ನಿಜ ಅಂತ ಇಟ್ಟುಕೊಳ್ಳಿ. ನನ್ನದು ಮೂರು ಯೂನಿಟ್ ಕರೆಂಟ್ ಹಿಡಿಯುವ ಬ್ಯಾಟರಿ, ಬರೆದದ್ದು 120, ಬರುವುದು 85. ಹುಬ್ಬಳ್ಳಿ–ಧಾರವಾಡ ದಿನಾ ಓಡಾಡುವವರಿಗೆ ಹೋಗಿ ಬರಲು 42, ನಡುವೆ ಅಲ್ಲಿ ಇಲ್ಲಿ ಹತ್ತು, ಕೈಯಲ್ಲಿ ಇಪ್ಪತ್ತು ಉಳಿದಿರಬೇಕು. ಹಾಗಾಗಿ ನಿಜವಾದ 75 ಕೊಡದ ಗಾಡಿ ಬೇಡ. ಧಾರವಾಡ ಎತ್ತರದಲ್ಲಿದೆಯಲ್ಲ, ಏರಿಗೆ ಚಾರ್ಜ್ ತಿನ್ನುವುದಿಲ್ಲವೇ ಅಂತ ಕೇಳುತ್ತಾರೆ. ಏರು ತಿನ್ನುವುದು ಒಂದೆರಡು ಪರ್ಸೆಂಟ್ ಅಷ್ಟೇ. ತಿನ್ನುವುದು ಗಾಳಿ. ಜುಲೈಯಲ್ಲಿ ರಾಯಾಪುರ ದಾಟಿ ನವಲೂರು ಕಡೆ ಬರುವಾಗ ಎದುರುಗಾಳಿ ಎದೆಗೆ ಒದೆಯುತ್ತದೆ. ಆ ದಿನಗಳಲ್ಲಿ 85 ಬರುವುದು 70ಕ್ಕೆ ಇಳಿಯುತ್ತದೆ.

ಬ್ಯಾಟರಿ ಯಾವ ಥರದ್ದು ಕೇಳಿ, ಲಿಥಿಯಂ ಬ್ಯಾಟರಿಯಲ್ಲೇ ಎಲ್‌ಎಫ್‌ಪಿ, ಎನ್‌ಎಂಸಿ ಅಂತ ಬೇರೆ ಬೇರೆ ಥರ ಇವೆ. ಎಲ್‌ಎಫ್‌ಪಿ ಅಂದರೆ ತೂಕ ಜಾಸ್ತಿ, ಆದರೆ ಬಿಸಿಲು ತಡೆಯುತ್ತದೆ, ಬಾಳಿಕೆ ಹೆಚ್ಚು. ಎನ್‌ಎಂಸಿ ಹಗುರ, ಅದೇ ತೂಕಕ್ಕೆ ಹೆಚ್ಚು ದೂರ. ಗದಗ ಕಡೆಯ ಬಿಸಿಲಲ್ಲಿ ಹೊರಗೇ ನಿಲ್ಲಿಸುವವರಿಗೆ ಎಲ್‌ಎಫ್‌ಪಿ ಒಳ್ಳೆಯದು ಅಂತ ನನಗನ್ನಿಸುತ್ತದೆ. 2022ರಲ್ಲಿ ಅಲ್ಲಲ್ಲಿ ಗಾಡಿಗಳಿಗೆ ಬೆಂಕಿ ಬಿದ್ದ ಮೇಲೆ ಎಐಎಸ್-156 ಎಂಬ ಬ್ಯಾಟರಿ ನಿಯಮವನ್ನು ಬಿಗಿ ಮಾಡಿದರು, 2023ರ ಮಾರ್ಚ್ ಕೊನೆಯಿಂದ ಅದು ಪೂರ್ತಿ ಜಾರಿಗೆ ಬಂತು. ಸೆಕೆಂಡ್ ಹ್ಯಾಂಡ್ ನೋಡುವವರು ಗಾಡಿ ಅದಕ್ಕಿಂತ ಮೊದಲಿನದಾ, ನಂತರದ್ದಾ ನೋಡಿಕೊಳ್ಳಿ. ಲೈಸನ್ಸ್ ಬೇಡ, ನಂಬರ್ ಬೇಡ ಅಂತ ಮಾರುವ ಅಗ್ಗದ ಗಾಡಿಗಳೂ ಇವೆ. 250 ವ್ಯಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿ.ಮೀ. ಮೀರದ ವೇಗ ಇದ್ದರೆ ಕಾನೂನು ಪ್ರಕಾರ ಸರಿಯೇ. ಓಣಿಯೊಳಗೆ ಓಡಾಡಲು ಪರವಾಗಿಲ್ಲ, ಪಿ.ಬಿ. ರಸ್ತೆಗೆ ತರಬೇಡಿ.

ವಾರಂಟಿ ಕಾಗದದಲ್ಲಿ ವರ್ಷ ಎಷ್ಟು ಅನ್ನುವುದಕ್ಕಿಂತ, ಬ್ಯಾಟರಿ ಶಕ್ತಿ ಎಷ್ಟು ಪರ್ಸೆಂಟ್‌ಗೆ ಇಳಿದರೆ ಬದಲಿಸಿ ಕೊಡುತ್ತಾರೆ ಅನ್ನುವ ಸಾಲನ್ನು ಹುಡುಕಿ ಓದಿ. ಆಮೇಲೆ ಸರ್ವಿಸ್. ಇದು ನನ್ನ ನೋವಿನ ವಿಷಯ. ಒಂದು ಸೆನ್ಸರ್ ಕೆಟ್ಟು ಗಾಡಿ ಹತ್ತೊಂಬತ್ತು ದಿನ ಸರ್ವಿಸ್ ಸೆಂಟರಿನಲ್ಲೇ ಇತ್ತು. ದಿನಾ ಫೋನ್, ದಿನಾ "ನಾಳೆ ಪಾರ್ಟ್ ಬರ್ತೈತ್ರೀ". ನಮ್ಮ ಓಣಿಯ ಮೆಕ್ಯಾನಿಕ್ ಮಾಮಾ ಕಾರ್ಬೊರೇಟರ್ ಬಿಚ್ಚಿ ಊದಿ ಸರಿ ಮಾಡುವವರು, ಇದನ್ನು ನೋಡಿ ಕೈಮುಗಿದರು. ಹಾಗಾಗಿ ಬುಕ್ ಮಾಡುವ ಮೊದಲು ಒಂದು ಶನಿವಾರ ಸರ್ವಿಸ್ ಸೆಂಟರ್ ಮುಂದೆ ಸುಮ್ನೆ ಅರ್ಧ ಗಂಟೆ ನಿಂತುಕೊಳ್ಳಿ. ಗಾಡಿ ತಂದವರನ್ನು ಮಾತಾಡಿಸಿ. ಜಾಹೀರಾತಿನಲ್ಲಿ ಇಲ್ಲದ್ದೆಲ್ಲ ಅಲ್ಲಿ ಸಿಗುತ್ತದೆ. ಟೆಸ್ಟ್ ರೈಡ್ ಒಬ್ಬರೇ ಮಾಡಬೇಡಿ, ಮನೆಯವರನ್ನು ಹಿಂದೆ ಕೂಡಿಸಿಕೊಂಡು ನೃಪತುಂಗ ಬೆಟ್ಟದ ಏರು ಹತ್ತಿಸಿ ನೋಡಿ.

ದೂರದ ಊರಿಗೆ ಇದನ್ನು ಓಡಿಸುವ ಹಟ ಬೇಡ. ನಾನು ಒಮ್ಮೆ ಗದಗಕ್ಕೆ ಹೋಗಿದ್ದೆ. ಹುಬ್ಬಳ್ಳಿಯಿಂದ ಸುಮಾರು 58 ಕಿ.ಮೀ., ಅಣ್ಣಿಗೇರಿ ದಾಟುವ ಹೊತ್ತಿಗೇ ಕಣ್ಣೆಲ್ಲ ಪರ್ಸೆಂಟ್ ಮೇಲೆ. ಅತ್ತೆಯ ಮನೆ ಸೇರಿದಾಗ 24 ಪರ್ಸೆಂಟ್ ಉಳಿದಿತ್ತು. ಅತ್ತೆ "ಬಾರಪ್ಪಾ, ಕೈಕಾಲು ತೊಳ್ಕೋ" ಅನ್ನುವ ಮೊದಲೇ ನಾನು "ಅತ್ತೀ, ಗೀಸರ್ ಪ್ಲಗ್ ಎಲ್ಲೈತಿ?" ಅಂದೆ. ಊಟ, ನಿದ್ದೆ, ಚಹಾ ಮುಗಿಯುವಷ್ಟರಲ್ಲಿ ವಾಪಸ್ ಬರುವಷ್ಟು ತುಂಬಿತ್ತು, ಆದರೆ ಆ ಮಾತು ಇನ್ನೂ ನಮ್ಮ ಮನೆತನದಲ್ಲಿ ಓಡಾಡುತ್ತಿದೆ. ಹಾವೇರಿ ಕಡೆಯಂತೂ ಹೆದ್ದಾರಿ, ಅರವತ್ತರ ಮೇಲೆ ಓಡಿಸಿದರೆ ಚಾರ್ಜ್ ನೀರಿನಂತೆ ಇಳಿಯುತ್ತದೆ. ಗದಗಕ್ಕೆ ರೈಲು ಹಿಡಿಯಿರಿ. ಹೊಸಪೇಟೆ–ಹುಬ್ಬಳ್ಳಿ ಮಾರ್ಗದ ವಿದ್ಯುದೀಕರಣ 2023ರ ಮಾರ್ಚ್‌ನಲ್ಲೇ ಲೋಕಾರ್ಪಣೆ ಆಗಿದೆ. ಅಲ್ಲೂ ಕರೆಂಟೇ, ಪರ್ಸೆಂಟ್ ನೋಡುವ ಚಿಂತೆ ಮಾತ್ರ ನಿಮ್ಮದಲ್ಲ.

ದಿನದ ರೂಢಿ ಕೆಲವೇ. ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ, ಬ್ಯಾಟರಿ ಅರ್ಧ ಗಂಟೆ ತಣ್ಣಗಾಗಲಿ. ಸಂಜೆ ಆರರಿಂದ ಹತ್ತು ಎಲ್ಲರೂ ಕರೆಂಟ್ ಎಳೆಯುವ ಹೊತ್ತು, ಅದನ್ನು ದಾಟಿಸಿ. ರವಿವಾರ ಮನೆಯಲ್ಲಿದ್ದರೆ ಹಗಲು ಹಾಕಿ, ಸೋಲಾರ್ ಕರೆಂಟ್ ತಂತಿಯಲ್ಲಿ ಇರುವುದು ಆಗಲೇ. ಎನ್‌ಎಂಸಿ ಆದರೆ ದಿನಾ 80ಕ್ಕೆ ನಿಲ್ಲಿಸಿ, ದೂರ ಹೋಗುವ ದಿನ ಮಾತ್ರ ನೂರು ಮಾಡಿ. ಎಲ್‌ಎಫ್‌ಪಿಯನ್ನು ಆಗಾಗ ನೂರಕ್ಕೆ ಒಯ್ಯಬೇಕು, ಇಲ್ಲದಿದ್ದರೆ ಗಾಡಿಯ ಮೀಟರ್ ಉಳಿದ ಚಾರ್ಜಿನ ತಪ್ಪು ಲೆಕ್ಕ ತೋರಿಸುತ್ತದೆ. ಸೊನ್ನೆಗೆ ಎಂದೂ ಇಳಿಸಬೇಡಿ. ಊರಿಗೆ ಹದಿನೈದು ದಿನ ಹೋಗುವುದಿದ್ದರೆ ಅರ್ಧದಲ್ಲಿ ಬಿಟ್ಟು ಹೋಗಿ. ಐಪಿ67 ಅಂತ ಬರೆದಿದೆ, ನೀರಿಗೆ ಏನೂ ಆಗಲ್ಲ ಅಂತ ಅಂಡರ್‌ಪಾಸಿನ ನೀರಿಗೆ ಇಳಿಸುವವರನ್ನು ನೋಡಿದ್ದೇನೆ. ನೀರು ತಡೆಯುವ ಆ ಗುರುತು ಬ್ಯಾಟರಿ ಪೆಟ್ಟಿಗೆಗೆ ಇರುತ್ತದೆ, ಇಡೀ ಗಾಡಿಗಲ್ಲ. ಪ್ಲಗ್ಗನ್ನು ಮಾತ್ರ ತಿಂಗಳಿಗೊಮ್ಮೆ, ಚಾರ್ಜ್ ಹಚ್ಚಿ ಒಂದು ಗಂಟೆಯಾದ ಮೇಲೆ, ಅಂಗೈ ಹಿಂಬದಿಯಿಂದ ಮುಟ್ಟಿ ನೋಡಿ. ಉಗುರು ಬೆಚ್ಚಗಿದ್ದರೆ ಸರಿ. ಕೈ ಹಿಂದೆ ತೆಗೆಯುವಷ್ಟು ಬಿಸಿ ಇದ್ದರೆ ಅವತ್ತೇ ಬಂದ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ.

ಕಾಕಾ ಇನ್ನೂ ಗಾಡಿ ತೆಗೆದುಕೊಂಡಿಲ್ಲ. ಹಳೆಯದೇ ಓಡುತ್ತಿದೆ, ಧಾರವಾಡಕ್ಕೆ ಬರುವುದಿದ್ದರೆ ಚಿಗರಿ ಹತ್ತುತ್ತಾರೆ. ಆದರೆ ಬಚ್ಚಲಿನ ನಲ್ಲಿ ಮುಟ್ಟಿದರೆ ಜುಂ ಅನ್ನುತ್ತಿದ್ದದ್ದು ನಿಂತಿದೆ ಅಂತ ಕಾಕು ನನಗೆ ಫೋನ್ ಮಾಡಿ ಹೇಳಿದರು. ಇಷ್ಟು ವರ್ಷ ಅದನ್ನು ಯಾರಿಗೂ ಹೇಳಿರಲೇ ಇಲ್ಲವಂತೆ.